ಮೂರನೇ ಕೂಗು

ಶಿರಾದ ಆಸ್ಪತ್ರೆಯಲ್ಲಿ ಔಷಧಿಯ ಸಾಲಿನಲ್ಲಿ ನಿಂತು ನನಗೆ ತಲೆ ಕೆಟ್ಟಿತ್ತು. ಪಕ್ಕದ ಬೆಂಚಿನ ಮೇಲೆ ಜ್ವರ ಬಿಟ್ಟು ಎದ್ದಿದ್ದ ಕುರಿಗಾಹಿಯೊಬ್ಬ ಕೂತಿದ್ದ. ಕರೆದೊಯ್ಯಲು ಅವನ ತಮ್ಮ ಬಂದ.

"ಲೇ ಜುಂಜಪ್ಪ, ಕುರಿ ಎಲ್ಲಲಾ?"

"ಕಳ್ಳಂಬೆಳ್ಳದ ಕೆರೆ ಹಿಂದೆ ಅವೆ ಕಣಣ್ಣ. ಅತ್ತಿಗೆ ನೋಡ್ಕೊಂಡವ್ರೆ."

"ನಾನು ದಾರೀಲಿ ಬಿದ್ದಾಗ ಮಂದೆ ಹಿಡಿ ಅಂತ ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ನಿಲ್ಲ. ಮಂದೆ ಹಿಂದಿದ್ದ ನಂಗೆ ಮುಂದಿದ್ದ ನಿನ್ನ ಕೂಗು ಕೇಳ್ನಿಲ್ಲ. ಮೂರು ಸಲ ಕೂಗು ತಪ್ಪಿದ್ರೆ ಯಾರನ್ನೂ ಕೇಳ್ಬೇಡ, ಮಂದೆ ನೀನೇ ನಡೆಸು ಅಂದಿದ್ದೋನು ನೀನೇ."

"ಊರವ್ರ ಕುರಿ ಕಣ್ಲಾ! ಒಂದು ಕಳೆದ್ರೂ ಯಾರಿಗೆ ಮುಖ ತೋರಿಸ್ಲಿ? ಯಾರ ಕುರಿಗೆ ಯಾವ ಗುರುತು ಅನ್ನೋದೆಲ್ಲ ಇರೋದು ನನ್ ತಲೇಲಿ."

"ದಿನಾ ಸಂಜೆ ನೀನು ಗುರುತು ಹೇಳ್ದಂಗೇ ನಿನ್ನ ಹಿಂದೆ ನಾನೂ ಹೇಳ್ತಿರ್ನಿಲ್ವಾ? ಬೇಕಾದ್ರೆ ಕೇಳು."

"ದೊಡ್ಡೇರಿ ಬೋರಣ್ಣಂದು?"

"ಎಡಗಿವಿ ಸೀಳಿರೋವು ಹನ್ನೊಂದು. ನಿನ್ನೆ ಒಂದು ಈದು ಹನ್ನೆರಡಾದ್ವು."

ಅಣ್ಣ ಉಸಿರು ಬಿಟ್ಟ. "ಒಂದೂ ತಪ್ಪಿಲ್ವಾ?"

"ಒಂದೂ ಇಲ್ಲ."

"ಸದ್ಯ! ನಡಿ, ಇನ್ನು ಮಂದೆ ಮುಂದೆ ನಡೆಯೋನು ನಾನೇ."

"ಆಗಲ್ಲ ಬುಡಣ್ಣ. ಈಗ ಮಂದೆ ನನ್ ಕೂಗಿಗೆ ಹೊಂದ್ಕೊಂಡೈತೆ. ಇಬ್ರೂ ಕೂಗಿದ್ರೆ ಕುರಿ ಎರಡು ಪಾಲಾಗ್ತವೆ ಅಂದೋನೂ ನೀನೇ. ಹಿಂದೆ ಬಾ."

"ಜ್ವರ ಬಂದಿದ್ದು ನಂಗೆ, ತಲೆ ತಿರುಗಿರೋದು ನಿಂಗೆ!" ಎಂದು ಅಣ್ಣ ನಕ್ಕು, ತಮ್ಮನ ಭುಜ ಹಿಡಿದು ಎದ್ದ.

ಗೇಟು ದಾಟಿದ ಜುಂಜಪ್ಪ "ಹೋ..." ಎಂದು ಕೂಗಿದ. ನಿಧಾನವಾಗಿ ಹಿಂದೆ ಬರುತ್ತಿದ್ದ ಅಣ್ಣ ಓಗೊಟ್ಟ.