ಓಡಿಹೋದನಂತೆ

ಸಂಜೆಯಿಂದ ಮಳೆ ಹೊಡೆಯುತ್ತಲೇ ಇತ್ತು, ಕರೆಂಟು ಹೋಗಿತ್ತು. ಎಂ.ಎ. ಕಡೆಯ ವರ್ಷದ ಸಂಶೋಧನಾ ಪ್ರಬಂಧದ ಹಾಳೆಗಳನ್ನು ಹರಡಿಕೊಂಡು ನಾವು ಮೂವರು ಗೆಳತಿಯರು ಸುಮ್ಮನೆ ಕುಳಿತಿದ್ದೆವು. ಇತಿಹಾಸದ ಪ್ರೊಫೆಸರಾಗಿ ನಿವೃತ್ತರಾದ ನನ್ನ ಅಜ್ಜಿ ಮೇಣದಬತ್ತಿ ಹಚ್ಚಿ, ನನ್ನ ಮೊದಲ ಅಧ್ಯಾಯವನ್ನು ಮೂಗಿಗೆ ಹಿಡಿದು ಓದಿ ಕೆಳಗಿಟ್ಟರು.

“ಅಂತೆಕಂತೆ ಎಲ್ಲಾ ಕಿತ್ತು ನುಣ್ಣಗೆ ಮಾಡಿದೀಯಲ್ಲೇ... ದೆವ್ವ ಬರೋದೇ ಹೀಗೆ ನೋಡು.”

ನಾವು ನಕ್ಕೆವು.

“ನಗ್ರಿ, ನಗ್ರಿ. ನನ್ನ ಕೈಕೆಳಗೆ ಒಬ್ಬಳು ಹುಡುಗಿ ಇದ್ದಳು, ಅವಸರದಮ್ಮ ಅಂತಲೇ ಎಲ್ಲರೂ ಕರೀತಿದ್ದಿದ್ದು. ಹಳೇ ಹತ್ತಿ ಗಿರಣಿಗೆ ಬೆಂಕಿ ಬಿದ್ದದ್ದೇ ಅವಳ ವಿಷಯ. ಗೇಟಿಗೆ ಬೀಗ ಬಿದ್ದಿತ್ತು, ಬೀಗದ ಕೈ ಇದ್ದದ್ದು ಕಾವಲುಗಾರನ ಹತ್ರ, ಒಳಗಿದ್ದ ಹೆಣ್ಮಕ್ಕಳೆಲ್ಲ ಸುಟ್ಟುಹೋದರು... ಅವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಇವಳು ಮನೆಮನೆ ಸುತ್ತಿ ಮುದುಕರನ್ನೆಲ್ಲ ಕೇಳಿದಳು. ‘ಆ ಪಾಪಿ ಓಡಿಹೋದನಂತೆ’ ಅಂದರು ಎಲ್ಲರೂ. ಇವಳು ಬರೆದದ್ದೇನು? ‘ಕಾವಲುಗಾರನು ಓಡಿಹೋದನು.’ ಅಂತೆ ಎಲ್ಲಿ ಹೋಯ್ತೇ ತಾಯಿ ಅಂದೆ. ‘ಇಡೀ ಊರೇ ಹೇಳುತ್ತೆ ಮೇಡಂ’ ಅಂದಳು. ಊರು ಹೇಳುತ್ತೆ ಸರಿ, ನೋಡಿದವರು ಯಾರು? ಮುಖ ಊದಿಸಿಕೊಂಡು ಹೋದಳು. ಪ್ರಬಂಧ ಒಪ್ಪಿಸೋ ದಿನ ಹತ್ರ ಬಂದಿತ್ತು, ತಪ್ಪಿದರೆ ಪದವಿಗೆ ಎಳ್ಳುನೀರು... ಪಾಪ, ಆ ಮನೇಲಿ ಅಷ್ಟು ಓದಿದವಳು ಅವಳೊಬ್ಬಳೇ.

ಆಮೇಲೆ ಶುರುವಾಯ್ತು. ಡಿ.ಟಿ.ಪಿ. ಅಂಗಡೀಲಿ ಟೈಪ್ ಮಾಡಿಸಿದ್ದು ‘ಓಡಿಹೋದನು’, ಅಚ್ಚಾಗಿ ಬರೋದು ‘ಓಡಿಹೋದನಂತೆ’. ತಿದ್ದಿಸಿದರೂ ಅದೇ. ಅಂಗಡಿಯವನ ಜೊತೆ ಜಗಳಕ್ಕೆ ನಿಂತರೆ ಅವನು, ‘ಅಕ್ಕಾ, ನಾನ್ಯಾಕೆ ಸೇರಿಸ್ಲಿ, ನನಗೇನು ಹುಚ್ಚಾ?’ ಅಂದ. ಆ ಹಾಳೆಗಳನ್ನ ನಾನೇ ಮೂಸಿದೀನಿ... ಹೊಗೆ ವಾಸನೆ.

ಒಂದು ಮಧ್ಯಾಹ್ನ, ಹಾಡಹಗಲಲ್ಲೇ, ಲೈಬ್ರರೀಲಿ ಎದುರು ಕುರ್ಚಿಗೆ ಒಬ್ಬ ಮುದುಕ ಬಂದು ಕೂತನಂತೆ. ಖಾಕಿ ಅಂಗಿಯಂತೆ, ತೋಳೆಲ್ಲ ಕರಕಲಂತೆ. ನಾನಲ್ಲಿರಲಿಲ್ಲ, ಅದಕ್ಕೇ ಅಂತೆ ಅಂತಿದೀನಿ. ಬೈಯಲಿಲ್ಲವಂತೆ, ಹೆದರಿಸಲಿಲ್ಲವಂತೆ. ‘ಮಗಳೇ, ನೀನು ನೋಡಿದ್ಯಾ?’ ಅಂದನಂತೆ. ಇವಳು, ‘ಇಲ್ಲ... ಹಾಗಂತೆ’ ಅಂದಳಂತೆ. ‘ಹಾಗಾದ್ರೆ ಹಾಗೇ ಬರಿಯಮ್ಮ. ನನ್ನ ಒಳ್ಳೆಯವನು ಅಂತ ಬರೀಬೇಡ, ಓಡಿಹೋದನಂತೆ ಅಂತ ಬರೆದರೆ ಸಾಕು’ ಅಂದನಂತೆ.

ಅದನ್ನ ನನ್ನೆದುರು ಹೇಳುವಾಗ ಅವಳು ಬಿಕ್ಕಿಬಿಕ್ಕಿ ಅತ್ತಳು. ಓಡಿಹೋದ ಅಂದವರಲ್ಲಿ ಒಬ್ಬರೂ ಅವನನ್ನ ಏನೂ ಕೇಳಿರಲಿಲ್ಲ ನೋಡಿ. ಅವಳು ಅಂತೆಗಳನ್ನೆಲ್ಲ ವಾಪಸ್ ಹಾಕಿದಳು. ವೈವಾದಲ್ಲಿ ಪರೀಕ್ಷಕರು ಗದರಿದರು, ‘ಓಡಿಹೋದನೋ ಇಲ್ಲವೋ? ಒಂದು ಹೇಳಮ್ಮ!’ ಅಂತ. ‘ಗೊತ್ತಿಲ್ಲ ಸಾರ್, ನೋಡಿದವರು ಸಿಗಲಿಲ್ಲ’ ಅಂದಳು ನನ್ನ ಹುಡುಗಿ, ತಲೆ ಎತ್ತಿಕೊಂಡು! ಪದವಿ ಎಲ್ಲಿ ಹೋಗುತ್ತೆ, ಬಂತು.”

ನನ್ನ ಗೆಳತಿ ಹಾಳೆಯ ಅಂಚಿನಲ್ಲಿ ಏನೋ ಗೀಚಿಕೊಳ್ಳುತ್ತ ಮೆಲ್ಲಗೆ ಕೇಳಿದಳು, “ಈಗಲೂ ಬರ್ತಾನಂತಾ ಅಜ್ಜಿ?”

“ಬರೆದುಕೊಳ್ಳೋದಾದ್ರೆ ಸರಿಯಾಗಿ ಬರ್ಕೊಳ್ಳೇ,” ಎಂದರು ಅಜ್ಜಿ. “ಬರ್ತಾನಂತೆ ಅಲ್ಲ... ಬರ್ತಾನೆ.”