ತೊಟ್ಟಿಲ ಚೆನ್ನಿಗಯ್ಯ ಊಹೂಂ ಅಂದದ್ದು

ಬನ್ನಿ, ಕೂತ್ಕೊಳ್ಳಿ. ಕಾಲು ಚಾಚಬೇಡಿ, ಮುಂದಿರೋರಿಗೆ ತಾಗುತ್ತೆ. ಕಥೆ ಹೇಳೋದು ನನ್ನ ಪಾಲು, ಹೂಂಗುಟ್ಟೋದು ನಿಮ್ಮ ಪಾಲು. ಎಲ್ಲಿ, ಒಂದು ಸಲ ಅನ್ನಿ ನೋಡೋಣ. ಆ, ಅಷ್ಟು ಜೋರು ಬೇಡ, ನನಗೆ ಕಿವಿ ಇನ್ನೂ ಕೇಳುತ್ತೆ.

ಒಂದಾನೊಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡಿ, ನನಗೆ ಹೇಳಿದೋಳಿಗೇ ಗೊತ್ತಿರಲಿಲ್ಲ. ಆ ಸೀಮೆಗೊಬ್ಬ ದೊರೆ, ದೊರೆಗೊಬ್ಬಳು ರಾಣಿ, ರಾಣಿಗೊಬ್ಬ ಮಗ. ಅರಮನೆಗೆ ಸೇರಿದ್ದು ಒಂದು ತೊಟ್ಟಿಲ ಕಾರ್ಖಾನೆ. ಕಾರ್ಖಾನೆಗೆ ಮೂರು ಕೋಣೆ. ಒಂದರಲ್ಲಿ ಮರದೋರು, ಒಂದರಲ್ಲಿ ಹಗ್ಗದೋರು, ಒಂದರಲ್ಲಿ ಬಣ್ಣದೋರು. ನಡುವೆ ಗೋಡೆ, ಗೋಡೆಗೊಂದು ಸಣ್ಣ ಕಿಂಡಿ. ಕಿಂಡಿಯಲ್ಲಿ ಕೆಲಸ ದಾಟಿಸಬಹುದು, ಮಾತು ದಾಟಿಸೋ ಹಾಗಿಲ್ಲ.

ಯುವರಾಜ ಹುಟ್ಟಿದಾಗ ತೊಟ್ಟಿಲು ಮಾಡಿ ಅಂತ ಅಪ್ಪಣೆ ಆಯ್ತು. ಮರದೋರು ಮರ ಹುಡುಕಿದ್ರು, ಹುಡುಕಿದ್ರು, ಹುಡುಕಿದ್ರು. ಹಗ್ಗದೋರು ಹಗ್ಗ ಹೊಸೆದ್ರು, ಹೊಸೆದ್ರು, ಹೊಸೆದ್ರು. ಬಣ್ಣದೋರು ತೊಟ್ಟಿಲಿಗೆ ಕಟ್ಟೋ ಗಿಣಿಗೆ ಯಾವ ಹಸಿರು ಅಂತ ಯೋಚನೆ ಮಾಡ್ತಾನೇ ಕೂತ್ರು. ತೊಟ್ಟಿಲು ಬಂತು. ಯಾವಾಗ ಬಂತು? ಯುವರಾಜನಿಗೆ ಮೀಸೆ ಬಂದ ಮೇಲೆ ಬಂತು. ಹಾಗಂತ ಬಿಟ್ಟಾರಾ? ಅಪ್ಪಣೆಯಲ್ಲಿ ಯುವರಾಜರನ್ನು ಮಲಗಿಸತಕ್ಕದ್ದು ಅಂತ ಇತ್ತು, ಮಲಗಿಸಿದ್ರು. ಕಾಲು ಹೊರಗೆ ನೇತಾಡ್ತಿತ್ತು, ಕತ್ತಿ ಸೊಂಟದಲ್ಲೇ ಇತ್ತು. ಮುತ್ತೈದೆಯರು ಜೋಗುಳ ಹಾಡಿದ್ರು. ಕಾರ್ಖಾನೆ ಪಾರುಪತ್ಯಗಾರ ಚೆನ್ನಿಗಯ್ಯನಿಗೆ ಶಾಲು ಹೊದಿಸಿದ್ರು.

ಈ ಚೆನ್ನಿಗಯ್ಯನ ಕಥೆಯೇ ನಾನು ಹೇಳ್ತಿರೋದು. ಒಳ್ಳೇ ಮನುಷ್ಯ, ಪಾಪ. ಯಾರ ತಂಟೆಗೂ ಹೋದೋನಲ್ಲ. ಒಂದೇ ಒಂದು ಚಾಳಿ: ಮೇಲಿನೋರು ಏನಂದ್ರೂ ಹೂಂ ಅನ್ನೋನು. ಕೋಳಿಗೆ ಕೊಂಬು ಕಟ್ಟು ಅಂದ್ರೂ ಹೂಂ, ಕೊಂಬಿಗೆ ಕೋಳಿ ಕಟ್ಟು ಅಂದ್ರೂ ಹೂಂ.

ಹೀಗಿರೋವಾಗ ರಾಣಿ ಮತ್ತೆ ಬಸುರಾದ್ಲು. ಮೊದಲನೇ ಮಗನನ್ನ ಎತ್ತಿ ಎತ್ತಿ ತೋಳು ಬಿದ್ದುಹೋಗಿದೆ, ಈ ಸಲ ತೊಟ್ಟಿಲಿಲ್ಲದೆ ಹೆರೋದೇ ಇಲ್ಲ ಅಂತ ಹಟ ಹಿಡಿದ್ಲು. ದೊರೆ ಚೆನ್ನಿಗಯ್ಯನನ್ನ ಕರೆಸಿದ.

“ಕೇಳು ಚೆನ್ನಿಗಯ್ಯ. ಮಗು ಹುಟ್ಟೋ ಹೊತ್ತಿಗೆ ತೊಟ್ಟಿಲು ಇಲ್ಲ ಅಂದ್ರೆ, ನೀನೇ ತೊಟ್ಟಿಲು.”

ಅಂದ್ರೇನು ಗೊತ್ತಾಯ್ತಾ? ಕೈ ಎರಡೂ ಒಂದು ಕಂಬಕ್ಕೆ, ಕಾಲು ಎರಡೂ ಇನ್ನೊಂದು ಕಂಬಕ್ಕೆ. ಹೊಟ್ಟೆ ಮೇಲೆ ಮಗು. ಮಗು ನಡೆಯೋವರೆಗೂ ತೂಗ್ತಾ ಇರಬೇಕು. ಚೆನ್ನಿಗಯ್ಯ ಏನಂದ? ಹೂಂ ಅಂದ. ಮರುಕ್ಷಣವೇ ಮರದೋರು ಬಂದು ಅವನ ಹೊಟ್ಟೆಯ ಅಳತೆ ತಗೊಂಡ್ರು. ಆ ಕಾರ್ಖಾನೆಯಲ್ಲಿ ಅಷ್ಟು ಬೇಗ ನಡೆದ ಕೆಲಸ ಅದೊಂದೇ.

ಚೆನ್ನಿಗಯ್ಯನಿಗೆ ಊಟ ಸೇರಲಿಲ್ಲ. ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ಕೊಂಡು, ಸುಮ್ಮನೆ ಬೀದಿ ಸುತ್ತೋಕೆ ಹೊರಟ. ಮಧ್ಯಾಹ್ನದ ಹೊತ್ತು. ಮಾಳವ್ವ ಅನ್ನೋ ಕಥೆಗಾತಿ ಮುದುಕಿ ಜಗಲಿ ಮೇಲೆ ಕೂತು, ರಾಗಿ ಕೇರೋ ಹೆಂಗಸರಿಗೆ ಕಥೆ ಹೇಳ್ತಿದ್ಲು. ಕೆಂಚಿ ಅನ್ನೋ ಹುಡುಗಿ ಹುಲಿ ಮೇಲೆ ಕೂತು ತವರಿಗೆ ಹೊರಟ ಕಥೆ. ಕೆಂಚಿ ಕಾಡು ದಾಟಿದ್ಲು, ಹೊಳೆ ದಂಡೆಗೆ ಬಂದ್ಲು, ಹುಲಿ ನೀರು ನೋಡಿ ಹೆದರ್ತು, ಅಷ್ಟರಲ್ಲಿ ಕಥೆ ನಿಂತೇ ಹೋಯ್ತು. ಯಾಕೆ ನಿಂತಿತು? ಹೂಂಗುಟ್ಟೋ ಹೆಂಗಸು ತೂಕಡಿಸಿಬಿಟ್ಟಿದ್ಲು.

ಮುಂದೇನಾಯ್ತು ಹೇಳಿ ಅಂತ ಚೆನ್ನಿಗಯ್ಯ ಕೇಳಿದ. ಮಾಳವ್ವ ಅವನನ್ನ ಮೇಲಿಂದ ಕೆಳಗೆ ನೋಡಿದ್ಲು.

“ಅಲ್ಲ ಚೆನ್ನಿಗಯ್ಯನೋರೇ, ಹೂಂ ಅನ್ನೋರಿಲ್ದೆ ಕಥೆ ಎತ್ತ ಹೋಗ್ತಿದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಹೂಂ ಅಂದ್ರೆ ಮುಂದಕ್ಕೆ ಹೋಗ್ತೀನಿ. ಊಹೂಂ ಅಂದ್ರೆ ಪಕ್ಕಕ್ಕೆ ತಿರುಗ್ತೀನಿ. ಸುಮ್ಮನಿದ್ರೆ ಎಲೆಅಡಿಕೆ ಹಾಕ್ಕೋತೀನಿ.”

ಅಂದು ಎಲೆಅಡಿಕೆ ಹಾಕ್ಕೊಂಡೇ ಬಿಟ್ಲು. ಚೆನ್ನಿಗಯ್ಯ ಯೋಚನೆಗೆ ಬಿದ್ದ. ನಮ್ಮ ಕಾರ್ಖಾನೆಯಲ್ಲಿ ಇಷ್ಟು ವರ್ಷ ಯಾರನ್ನಾದ್ರೂ ನಡುವೆ ಒಂದು ಸಲ ಹೂಂನಾ ಊಹೂಂನಾ ಅಂತ ಕೇಳಿದ್ದೀವಾ? ಕೇಳಿಲ್ಲ. ಕೊನೆಗೆ ತಗೊಂಡು ಹೋಗಿ ಎದುರಿಗೆ ಇಟ್ಟಿದ್ದೀವಿ, ಅಷ್ಟೇ.

ಮಾರನೇ ದಿನ ಮಾಳವ್ವನನ್ನ ಗಾಡಿಯಲ್ಲಿ ಕೂರಿಸಿ ಕಾರ್ಖಾನೆಗೆ ಕರ್ಕೊಂಡು ಬಂದ. ಆಕೆ ಅಂಗಳದಲ್ಲಿ ಕೂತು ಕೆಂಚಿ ಕಥೆ ಶುರು ಮಾಡಿದ್ಲು. ಮರದೋರು ಕಿಂಡಿಗೆ ಕಿವಿ ಕೊಟ್ರು, ಸರಿಯಾಗಿ ಕೇಳಲಿಲ್ಲ. ಹಗ್ಗದೋರು ಕಿಂಡಿಗೆ ಕಿವಿ ಕೊಟ್ರು, ಅವರಿಗೂ ಕೇಳಲಿಲ್ಲ. ಬಣ್ಣದೋನೊಬ್ಬ ಕಿಂಡಿಯಲ್ಲಿ ತಲೆ ತೂರಿಸಿ ಸಿಕ್ಕಿಹಾಕ್ಕೊಂಡ. ಅವನನ್ನ ಎಳೆಯೋಕೆ ಗೋಡೆ ಒಡೆಯಬೇಕಾಯ್ತು. ಹೇಗೂ ಒಡೆದಾಯ್ತಲ್ಲ ಅಂತ ಮೂರು ಕೋಣೆಯೋರೂ ಅಂಗಳಕ್ಕೆ ಬಂದು ಕೂತ್ರು. ಒಬ್ಬರ ಮುಖ ಒಬ್ಬರು ನೋಡಿದ್ದು ಅವತ್ತೇ. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ರಂತೆ.

ಕಥೆ ಹೊಳೆ ದಂಡೆಗೆ ಬಂತು. ಅಲ್ಲಿಗೆ ಮಾಳವ್ವ ನಿಲ್ಲಿಸಿದ್ಲು. “ತೊಟ್ಟಿಲದ್ದು ಒಂದು ತುಂಡಾದ್ರೂ ರಾಣಿಯಮ್ಮನಿಗೆ ತೋರಿಸಿ ಬನ್ನಿ. ಆಕೆ ಹೂಂ ಅಂದ್ರೆ ಕೆಂಚಿ ಹೊಳೆ ದಾಟ್ತಾಳೆ. ಇಲ್ಲಾಂದ್ರೆ ಅಲ್ಲೇ ನಿಂತಿರ್ತಾಳೆ, ನನಗೇನು?”

ಕೆಂಚಿಯನ್ನ ಹೊಳೆ ದಂಡೆಯಲ್ಲಿ ಬಿಟ್ಟು ಮನೆಗೆ ಹೋಗೋಕೆ ಯಾರಿಗೆ ಮನಸ್ಸು ಬರುತ್ತೆ? ಸಾಯಂಕಾಲದೊಳಗೆ ಎರಡು ಕಂಬಕ್ಕೆ ಹಗ್ಗ ಹಾಕಿ ಒಂದು ಹಳೇ ಸೀರೆ ಕಟ್ಟಿ ಜೋಲಿ ಮಾಡಿದ್ರು. ಮರದೋರಿಗೆ ನಾಚಿಕೆ ಆಯ್ತು, ಇದೂ ಒಂದು ತೊಟ್ಟಿಲಾ ಅಂತ ಮುಖ ತಿರುಗಿಸ್ಕೊಂಡ್ರು. ರಾಣಿ ಬಂದ್ಲು. ಜೋಲಿಯೊಳಗೆ ಒಂದು ಕುಂಬಳಕಾಯಿ ಮಲಗಿಸಿ ತೂಗಿದ್ಲು. ಊಹೂಂ ಅಂದ್ಲು. ಹಗ್ಗ ಕಿರ್ರನ್ನುತ್ತೆ, ಮಗು ಎದ್ದುಬಿಡುತ್ತೆ ಅಂದ್ಲು. ಹಗ್ಗದೋರಿಗೆ ಅಳುವೇ ಬಂತು. ಹಗ್ಗ ಕಿರ್ರನ್ನುತ್ತೆ ಅಂತ ಅವರಿಗೆ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಎಣ್ಣೆ ಹಚ್ಚಿದ್ರು. ಮಾರನೇ ದಿನ ರಾಣಿ ಹೂಂ ಅಂದ್ಲು. ಕೆಂಚಿ ಹೊಳೆ ದಾಟಿದ್ಲು. ಕಾರ್ಖಾನೆಯೋರು ಕುಣಿದ್ರು.

ಹೀಗೇ ನಡೀತು. ಸೀರೆ ಮುದುರದ ಹಾಗೆ ಅಡ್ಡಕ್ಕೊಂದು ಕೋಲು ಸಿಕ್ಕಿಸಿದ್ರು, ಹೂಂ. ಕೋಲಿನ ತುದಿಗೆ ಮರದ ಗಿಣಿ ಕಟ್ಟಿದ್ರು, ಊಹೂಂ, ಕಣ್ಣಿಗೆ ಚುಚ್ಚುತ್ತೆ. ಬಟ್ಟೆ ಗಿಣಿ ಕಟ್ಟಿದ್ರು, ಹೂಂ. ಚೆನ್ನಿಗಯ್ಯನಿಗೆ ಊಟ ಸೇರೋಕೆ ಶುರುವಾಯ್ತು.

ಊಟ ಸೇರಿದ ಮನುಷ್ಯ ಸುಮ್ಮನಿರ್ತಾನಾ? ಅವನಿಗೊಂದು ಬುದ್ಧಿವಂತಿಕೆ ಹೊಳೀತು. ದಿನಾ ರಾಣಿಯಮ್ಮನನ್ನ ಕರ್ಕೊಂಡು ಬರೋದು ಯಾಕೆ, ಕಾಯೋದು ಯಾಕೆ? ಹೂಂ ಬೇಕು ತಾನೇ, ಹೂಂ ಅನ್ನೋಕೇ ಒಬ್ಬನನ್ನ ಇಟ್ಟರಾಯ್ತು. ನಾಗಲಿಂಗ ಅನ್ನೋನನ್ನ ಹುಡುಕಿ ತಂದ. ಗಂಟಲು ಅಂದ್ರೆ ಗಂಟಲು. ತಲೆಗೆ ಪೇಟ ಕಟ್ಟಿ, ಕೈಗೆ ಬೆತ್ತ ಕೊಟ್ಟು, ಹೂಂಕಾರದ ಅಧಿಕಾರಿ ಅಂತ ಹೆಸರಿಟ್ರು. ಅವನು ವಾರದ ಮೊದಲ ಬೆಳಿಗ್ಗೆಯೇ ಆ ವಾರದ ಹೂಂ ಅಷ್ಟನ್ನೂ ಒಟ್ಟಿಗೆ ಹೇಳಿಬಿಡೋನು.

ತೊಟ್ಟಿಲು ಬೆಳೀತು ನೋಡಿ. ದೊರೆಗೆ ಸುದ್ದಿ ಮುಟ್ಟಿ, ಮೇಲೊಂದು ಗೋಪುರ ಇರಲಿ ಅಂದ. ನಾಗಲಿಂಗ ಹೂಂ ಅಂದ. ಹತ್ತೋಕೆ ಮೆಟ್ಟಿಲು ಇರಲಿ ಅಂದ. ಹೂಂ. ತೂಗೋಕೆ ಆನೆ ಇರಲಿ ಅಂದ. ಹೂಂ. ಆನೆ ಬಂತು. ತೊಟ್ಟಿಲು ಚಾವಣಿಗೆ ತಾಗಿತು. ಕೊನೆಗೆ ದೊರೆ, ತೊಟ್ಟಿಲೊಳಗೆ ಮಗುವಿನ ತಲೆದೆಸೆಯಲ್ಲಿ ಒಂದು ಕಂಚಿನ ಸಿಂಹ ಇರಲಿ, ಬಾಯಿ ತೆರೆದಿರಲಿ ಅಂತ ಹೇಳಿ ಕಳಿಸಿದ.

ಇತ್ತ ಮಾಳವ್ವನಿಗೂ ನಾಗಲಿಂಗನೇ ಹೂಂಗುಟ್ಟೋನು. ಮುದುಕಿಗೆ ರೇಗಿತು.

ಕೆಂಚಿ ತವರಿನ ಹತ್ತಿರಕ್ಕೆ ಬಂದ್ಲು ಅಂದ್ಲು. ಹೂಂ. ಹುಲಿಗೆ ಹಸಿವಾಯ್ತು ಅಂದ್ಲು. ಹೂಂ. ಹುಲಿ ಕೆಂಚಿಯನ್ನ ತಿಂದಿತು ಅಂದ್ಲು. ಹೂಂ. ಆಮೇಲೆ ಕೆಂಚಿಯ ಸೀರೆ ಉಟ್ಕೊಂಡು ಹುಲಿಯೇ ತವರಿಗೆ ಹೋಯ್ತು, ತಾಯಿ ಅದಕ್ಕೆ ಒಬ್ಬಟ್ಟು ಬಡಿಸಿದ್ಲು ಅಂದ್ಲು. ಹೂಂ, ಹೂಂ.

ಅಂಗಳದಲ್ಲಿ ಎಲ್ಲರೂ ಮುಖ ಮುಚ್ಕೊಂಡು ಅಳ್ತಿದ್ರು. ಚೆನ್ನಿಗಯ್ಯನಿಗೆ ಕೂತಿರೋಕಾಗಲಿಲ್ಲ. ಅವನು ಎದ್ದು ನಿಂತ. ಬಾಯಿ ತೆರೆದ. ಜನ್ಮದಲ್ಲಿ ಆಡದ ಮಾತು, ಹೊರಗೆ ಬರೋಕೆ ಹೊತ್ತು ಹಿಡೀತು.

“ಊಹೂಂ,” ಅಂದ. “ತಿನ್ನಬಾರದು ಮಾಳವ್ವ. ಅವಳು ತವರು ಸೇರಬೇಕು.”

“ಈಗ ಕಥೆಗೆ ಜೀವ ಬಂತು,” ಅಂದ್ಲು ಮಾಳವ್ವ. ಹುಲಿ ತಿನ್ನಲಿಲ್ಲ, ಕೆಂಚಿ ತವರು ಸೇರಿದ್ಲು. ನೋಡಿ, ಅಷ್ಟೇ ಸಾಕಿತ್ತು.

ಚೆನ್ನಿಗಯ್ಯ ಆ ಬಿಸಿಯಲ್ಲೇ ಅರಮನೆಗೆ ಹೋದ. “ಬುದ್ಧಿ, ಸಿಂಹ ಬೇಡ. ಗೋಪುರ ಬೇಡ. ಆನೆಯೂ ಬೇಡ. ಊಹೂಂ.” ಸಭೆಯಲ್ಲಿ ಬೀಸಣಿಗೆ ನಿಂತುಹೋಯ್ತು. ದೊರೆಗೆ ಆ ಮಾತನ್ನ ಯಾರೂ ಅಂದಿರಲಿಲ್ಲ, ಅದು ಬೈಗುಳವೋ ಹೊಗಳಿಕೆಯೋ ಅಂತ ಮಂತ್ರಿಯನ್ನ ಕೇಳಿದ. ಮಂತ್ರಿ ಹೂಂ ಅಂದ. ಅಷ್ಟರಲ್ಲಿ ಒಳಗಿಂದ ದಾಸಿ ಓಡಿಬಂದು ರಾಣಿಗೆ ನೋವು ಶುರುವಾಗಿದೆ ಅಂದ್ಲು.

ಆನೆ ತೊಟ್ಟಿಲನ್ನ ಎಳೀತು, ತೊಟ್ಟಿಲು ಬಾಗಿಲಿಗೆ ಸಿಕ್ಕಿಕೊಂಡಿತು. ಆನೆ ಇನ್ನೂ ಎಳೀತು, ಬಾಗಿಲೇ ಕಿತ್ತು ಬಂತು, ತೊಟ್ಟಿಲು ಚೂರುಚೂರಾಯ್ತು. ತೊಟ್ಟಿಲು ಇಲ್ಲ ಅಂತಾಯ್ತು. ಮಾತು ಅಂದ್ರೆ ಮಾತು: ಚೆನ್ನಿಗಯ್ಯನನ್ನ ಬಾಣಂತಿ ಕೋಣೆಯ ಎರಡು ಕಂಬಕ್ಕೆ ಕಟ್ಟಿದ್ರು. ಹೆಣ್ಣು ಮಗು ಹುಟ್ಟಿತು. ಹೊಟ್ಟೆ ಮೇಲೆ ಮಲಗಿಸಿದ್ರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅವನು, ಹೊಟ್ಟೆ ಗುಡುಗಿತು. ಮಗು ಕಿಟಾರನೆ ಕಿರುಚಿಕೊಂಡಿತು.

ಕಾರ್ಖಾನೆಯೋರು ಆ ಹಳೇ ಸೀರೆಯ ಜೋಲಿ ತಗೊಂಡು ಓಡಿಬಂದ್ರು. ಕಟ್ಟೋಕೆ ಕಂಬ ಬೇಕು, ಹಗ್ಗ ಬೇಕು. ಕಂಬದಲ್ಲೂ ಹಗ್ಗದಲ್ಲೂ ಚೆನ್ನಿಗಯ್ಯ ಇದ್ದಾನೆ. ಅಪ್ಪಣೆ ಕೇಳೋಕೆ ಹೊತ್ತೆಲ್ಲಿ? ಅವನನ್ನ ಬಿಚ್ಚಿ ಕೆಳಗಿಟ್ಟು ಜೋಲಿ ಕಟ್ಟಿದ್ರು. ಮಗು ಅತ್ತಿತು. ಜೋಲಿ ತಗ್ಗಿಸಿದ್ರು. ಅತ್ತಿತು. ಬಿಸಿಲಿನ ಕಡೆಯಿಂದ ತಿರುಗಿಸಿದ್ರು. ಅತ್ತಿತು. ದೊರೆ, ಮಂತ್ರಿ, ದಳವಾಯಿ, ಎಲ್ಲರೂ ಆ ಅಂಗೈಯಗಲದ ಮುಖವನ್ನೇ ನೋಡ್ತಾ ನಿಂತ್ರು. ಚೆನ್ನಿಗಯ್ಯ ರಾಣಿ ಉಟ್ಟು ಬಿಟ್ಟಿದ್ದ ಸೀರೆ ತರಿಸಿ ಒಳಗೆ ಹಾಸಿದ. ಮಗು ಮೂಸಿ ನೋಡಿತು. ನಿದ್ದೆ ಹೋಯ್ತು.

ದೊರೆ ತುದಿಗಾಲಲ್ಲಿ ಚೆನ್ನಿಗಯ್ಯನ ಹತ್ತಿರ ಬಂದ. ಒಂದೇ ಒಂದು ಸಣ್ಣ ಸಿಂಹ, ಮೂಲೆಯಲ್ಲಿ, ಬಾಯಿ ಮುಚ್ಚಿರೋದಾದ್ರೂ ಇಡೋಣವಾ ಅಂತ ಪಿಸುಗುಟ್ಟಿದ. ಚೆನ್ನಿಗಯ್ಯ ಕೈಯ ಮೇಲಿನ ಹಗ್ಗದ ಬಾಸುಂಡೆ ನೋಡ್ಕೊಂಡ. ಮಲಗಿದ್ದ ಮಗುವನ್ನ ನೋಡಿದ. ತಲೆ ಅಲ್ಲಾಡಿಸಿದ.

“ಊಹೂಂ, ಬುದ್ಧಿ.”

ದೊರೆ ಕತ್ತಿಯ ಹಿಡಿಗೆ ಕೈ ಹಾಕಿದ. ಕತ್ತಿ ಎಳೆದ್ರೆ ಸದ್ದಾಗುತ್ತೆ, ಮಗು ಏಳುತ್ತೆ. ಕೈ ಅಲ್ಲೇ ನಿಂತಿತು. ಮೆಲ್ಲಗೆ ಹಿಡಿ ಬಿಟ್ಟು, ಇಷ್ಟೇ ಇಷ್ಟು ದನಿಯಲ್ಲಿ, ಆ ಸೀಮೆಯ ದೊರೆ ಅಂದ:

“ಹೂಂ.”

ಅವರು ಅಲ್ಲಿ ತೂಗ್ತಾ ಇರಲಿ, ನಾವು ಇಲ್ಲಿ ಏಳೋಣ. ಕೇಳಿದೋರ ಮನೆಯಲ್ಲಿ ಮಕ್ಕಳು ನಿದ್ದೆ ಮಾಡಲಿ, ಹೇಳಿದ ಬಾಯಿಗೆ ಒಂದು ಲೋಟ ಮಜ್ಜಿಗೆ ಬೀಳಲಿ.