ನಕ್ಕವಳ ಪಕ್ಕದ ಜಾಗ

ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಬಡಗಿಗೆ ಬೇರೆ ಕೆಲಸವಿರಲಿಲ್ಲ. ಕಿವಿಯಂತೂ ತೆರೆದೇ ಇತ್ತು. ಅದೇ ಬೆಂಚಿನಲ್ಲಿ, ಅವನ ಹಾಗೆಯೇ ಹನಿ ಹಾಕಿಸಿಕೊಂಡಿದ್ದ ಅಕ್ಕನ ಮೇಲೆ ತಂಗಿ ಹರಿಹಾಯುತ್ತಿದ್ದಳು.

“ಅಂತೂ ಇವತ್ತು ಇಲ್ಲಾದ್ರೂ ಕೈಗೆ ಸಿಕ್ಕಿದೆ. ಚರ್ಚಿಗೆ ಯಾಕೆ ಬರ್ತಿಲ್ಲ ನೀನು?”

“ಮನೇಲೇ ಫೋನಲ್ಲಿ ಆರಾಧನೆ ನೋಡ್ತೀನಲ್ಲ. ನಾನೆಲ್ಲಿದ್ದೀನಿ ಅಂತ ದೇವರಿಗೆ ಗೊತ್ತು.”

“ಬಚ್ಚಲಲ್ಲಿ ಜಾರಿ ಬಿದ್ರೆ ನಮಗೆ ಗೊತ್ತಾಗೋದು ಬೇಡ್ವಾ? ಯೇಸುಸ್ವಾಮಿ ಕುಷ್ಠರೋಗೀನ ಮುಟ್ಟಿದ್ರು ಅಕ್ಕಾ, ದೂರ ನಿಂತು ಕೈ ಬೀಸ್ಲಿಲ್ಲ.”

“ರೋಮಿನ ಸೇನೆಯ ಆ ಶತಾಧಿಪತಿಯ ಆಳನ್ನ ದೂರದಿಂದ್ಲೇ ವಾಸಿ ಮಾಡಿದ್ರಲ್ಲ? ನಂಗೇ ಬೈಬಲ್ ಹೇಳ್ಕೊಡೋಕೆ ಬರ್ಬೇಡ.”

“ಆ ಶತಾಧಿಪತಿ ತಾನೇ ಎದ್ದು ಬಂದು ಕೇಳ್ಕೊಂಡಿದ್ದ! ನೀನು ಬಂದವರಿಗೆ ಬಾಗಿಲೂ ತೆಗೆಯಲ್ಲ.”

“ಯಾಕೆ ತೆಗೀಬೇಕು? ತುಂಬಿದ ಸಭೇಲಿ ನಾನು ಹಾಡುವಾಗ ಕಿಸಕ್ಕನೆ ನಕ್ಕಿದ್ದು ಯಾರು? ಒಡಹುಟ್ಟಿದವಳೇ!”

ತಂಗಿ ಬೆಂಚಿನ ಮೇಲೆ ಅಕ್ಕನ ಹತ್ತಿರಕ್ಕೆ ಸರಿದ ಸದ್ದಾಯಿತು.

“ನಾನೇ ನಕ್ಕಿದ್ದು. ತಪ್ಪಾಯ್ತು ಅನ್ನೋಕೆ ಎಷ್ಟು ಸಲ ಬಂದೆ! ಒಳಗೆ ನಿನ್ನ ಚಪ್ಪಲಿ ಸದ್ದು ಕೇಳ್ತಿತ್ತು, ಚಿಲಕ ಮಾತ್ರ ಅಲ್ಲಾಡ್ಲಿಲ್ಲ.”

“ಫೋನ್ ಮಾಡಬಹುದಿತ್ತು.”

“ಕ್ಷಮೆ ಕೇಳೋಕೆ ಫೋನಾ? ಮುಖ ನೋಡಿ ನಕ್ಕವಳು ಮುಖ ನೋಡೇ ಕೇಳ್ಬೇಕು!”

ಅಷ್ಟರಲ್ಲಿ ನರ್ಸು ಅಕ್ಕನನ್ನು ಕರೆದಳು. ಬೆಂಚು ಕಿರುಗುಟ್ಟಿತು.

“ಕೈ ಬಿಡೇ, ಗೋಡೆ ಹಿಡ್ಕೊಂಡು ಹೋಗ್ತೀನಿ.”

“ಬಿಡಲ್ಲ. ಭಾನುವಾರ ಬಂದು ಬಾಯ್ತುಂಬ ಹಾಡು.”

“ನೀನು ಮತ್ತೆ ನಕ್ರೆ?”

ತಂಗಿಯ ದನಿ ಈಗ ಬಾಗಿಲ ಆಚೆಯಿಂದ ಬಂತು, ಸಿಟ್ಟು ಒಂದಿಷ್ಟೂ ಇಳಿಯದೆ: “ನನ್ನ ಬೆನ್ನಿಗೊಂದು ಗುದ್ದು! ಅದಕ್ಕಾದ್ರೂ ನೀನು ನನ್ನ ಪಕ್ಕದಲ್ಲಿ ಕೂತಿರ್ಬೇಕು ತಾನೇ?”